ಬಿಳಿ ಗುಳಿಗೆ

ವಿಠೋಬಾ ನಾರಾಯಣಖೇಡ–ಝಹೀರಾಬಾದ್ ಬಸ್ಸಿನ ಕಂಡಕ್ಟರ್. ಮೆತ್ತಗಿನ ಮನುಷ್ಯ, ಚಿಲ್ಲರೆ ಇಲ್ಲದವರ ಮೇಲೂ ದನಿ ಏರಿಸಿದವನಲ್ಲ. ದಮ್ಮು ಮಾತ್ರ ಚಳಿಗಾಲದಲ್ಲಿ ಅವನನ್ನು ಹಣ್ಣು ಮಾಡುತ್ತಿತ್ತು. ೧೯೮೩ರ ದಸರೆ ಕಳೆದ ಮೇಲೆ, ಸಂತೆಯಲ್ಲಿ ಔಷಧ ಮಾರುವವನೊಬ್ಬ ಸಣ್ಣ ಬಿಳಿ ಗುಳಿಗೆ ಕೊಟ್ಟ. ಮರುದಿನಕ್ಕೇ ಎದೆ ಹಗುರಾಯಿತು. ವಿಠೋಬಾ ಅದನ್ನು ಬಿಡಲಿಲ್ಲ. ಉಸಿರು ಬಿಗಿದಂತೆ ಅನ್ನಿಸಿದರೆ ಇನ್ನಷ್ಟು ನುಂಗುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಮುಖ ದುಂಡಗೆ ತುಂಬಿಕೊಂಡಿತು. ಉಂಡದ್ದು ಮೈಗೆ ಹತ್ತಿತೆಂದು ಹೆಂಡತಿ ಕೌಶಲ್ಯಾ ಸಂತೋಷಪಟ್ಟಳು. ಆದರೆ ಅವನಿಗೆ ನಿದ್ದೆ ಕಡಿಮೆಯಾಗಿ ಮಾತು ಹೆಚ್ಚಾಗಿತ್ತು. ಮಾತಿನ ನಡುವೆ ಥಟ್ಟನೆ ನಿಂತು ಬಾಗಿಲ ಕಡೆ ನೋಡುತ್ತಿದ್ದ.

ನ್ಯಾಲ್ಕಲ್‌ನ ತವರಿಗೆ ಹೊರಟ ಕೌಶಲ್ಯಾ ಒಂದು ದಿನ ಗಂಡನದೇ ಬಸ್ಸು ಹತ್ತಿದಳು. ಜೋಳದ ಹೊಲಗಳ ನಡುವೆ ಹೋಗುವಾಗ ವಿಠೋಬಾ ಸೀಟಿ ಊದಿ ಬಸ್ಸು ನಿಲ್ಲಿಸಿದ. ಅವಳ ಎದುರು ಬಂದು ನಿಂತ.

"ಇಳಿ," ಎಂದ.

"ಯಾಕ್ರಿ, ಏನಾತು?"

ಅವನು ಜನರ ಕಡೆ ತಿರುಗಿದ. "ಇಕಿ ನನ್ನ ಹೆಂಡತಿ ಅಲ್ಲ. ಅಕಿ ಸೀರಿ ಇಕಿ ಉಟ್ಕೊಂಡು ಬಂದಾಳ. ಅಕಿನ್ನ ಎಲ್ಲಿ ಮುಚ್ಚಿಟ್ಟಾಳ, ಕೇಳ್ರಿ."

ಯಾರೋ ನಕ್ಕರು. ಅವನ ಕಣ್ಣು ನೋಡಿದ ಮೇಲೆ ನಗೆ ನಿಂತಿತು. ಕೈ ಹಿಡಿಯಲು ಬಂದ ಕೌಶಲ್ಯಾಳನ್ನು ಅವನು ಎಳೆದೊಯ್ದು ಮೆಟ್ಟಿಲಿನಿಂದ ಕೆಳಗೆ ನೂಕಿದ. ಮದುವೆಯಾದಾಗಿನಿಂದ ಅವಳ ಮೇಲೆ ಕೈ ಎತ್ತಿದವನಲ್ಲ. ಮೊಣಕಾಲು ಒಡೆದು ರಕ್ತ ಬಂತು. ಅವಳಿಗೆ ನೋವು ತಿಳಿಯಲಿಲ್ಲ, ಅಳುವೂ ಬರಲಿಲ್ಲ. ರಸ್ತೆಯ ಮೇಲೆ ಕೂತು ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದಳು.

ದೆವ್ವ ಹಿಡಿದಿದೆ, ಝರಾಸಂಗಂ ಗುಡಿಗೆ ಒಯ್ಯಿರಿ ಎಂದರು ಬಸ್ಸಿನವರು. ಡ್ರೈವರ್ ಈಶಪ್ಪ ಯಾರ ಮಾತೂ ಕೇಳಲಿಲ್ಲ. ಗಟ್ಟಿಮುಟ್ಟಾದ ಇಬ್ಬರಿಗೆ ವಿಠೋಬಾನನ್ನು ಹಿಡಿದುಕೊಳ್ಳಲು ಹೇಳಿ, ಕೌಶಲ್ಯಾಳನ್ನು ಹತ್ತಿಸಿಕೊಂಡು, ನೇರ ಝಹೀರಾಬಾದಿನ ಒಂದು ದವಾಖಾನೆಯ ಮುಂದೆ ನಿಲ್ಲಿಸಿದ.

ಡಾಕ್ಟರ್ ಶಕುಂತಲಾಬಾಯಿ ಅವನ ದುಂಡು ಮುಖ, ತೆಳ್ಳಗಾದ ಚರ್ಮದ ಮೇಲಿನ ನೀಲಿ ಕಲೆ ನೋಡಿ, ಯಾವ ಔಷಧ ತಗೋತಾನೆ ಎಂದು ಕೇಳಿದರು. ಕೌಶಲ್ಯಾ ಅವನ ಅಂಗಿಯ ಜೇಬಿನಿಂದ ಗುಳಿಗೆ ತೆಗೆದು ಕೊಟ್ಟಳು. ಭಯವಾದಾಗ, ದಣಿದಾಗ ನಮ್ಮ ದೇಹವೇ ಮಾಡಿಕೊಳ್ಳುವ ಹಾರ್ಮೋನಿನ ಜಾತಿಯದೇ ಇದು, ಎಂದರು ಡಾಕ್ಟರ್. ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ರಾಸಾಯನಿಕ ಚೆಲ್ಲುತ್ತದೆ, ಕೆಲಸ ಮುಗಿದ ಮೇಲೆ ವಾಪಸ್ ಎಳೆದುಕೊಳ್ಳುತ್ತದೆ. ಈ ಹಾರ್ಮೋನು ಮಿತಿ ಮೀರಿದರೆ ಆ ಎಳೆದುಕೊಳ್ಳುವ ಕೆಲಸವೇ ಏರುಪೇರಾಗಿ ತಲೆಗೆ ತಪ್ಪು ಸುದ್ದಿ ಮುಟ್ಟಬಹುದು, ಪೂರ್ತಿ ನಮಗೂ ಇನ್ನೂ ತಿಳಿದಿಲ್ಲ, ಎಂದರು.

ಕೌಶಲ್ಯಾ ಗುಳಿಗೆಗಳನ್ನು ಕಿಟಕಿಯಾಚೆ ಎಸೆಯಲು ಎದ್ದಳು. ಡಾಕ್ಟರ್ ಕೈ ಹಿಡಿದರು.

"ಒಮ್ಮೆಲೇ ಬಿಡಿಸಿದ್ರ ಜೀವಕ್ಕ ಅಪಾಯ ಅದವ್ವಾ. ಅವನ ಮೈ ಆ ಹಾರ್ಮೋನು ತಾನೇ ಮಾಡ್ಕೊಳ್ಳೋದು ಮರ್ತದ. ಸಾವಕಾಶ ಇಳಿಸಬೇಕು."

ಗಂಡನನ್ನು ಕೆಡಿಸಿದ ಅದೇ ಗುಳಿಗೆಯನ್ನು ಇನ್ನೂ ತನ್ನ ಕೈಯಿಂದಲೇ ಕೊಡಬೇಕು ಎಂದು ತಿಳಿದಾಗ ಅವಳು ಒಂದೊಂದೇ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಹೋಳಿಯ ಹೊತ್ತಿಗೆ ವಿಠೋಬಾನ ತಲೆ ತಿಳಿಯಾಯಿತು. ಅವನಿಗೆ ಎಲ್ಲವೂ ನೆನಪಿತ್ತು.

"ಅವತ್ತು ನಾ ನಿಮಗ ಯಾರಂಗ ಕಂಡೆ?" ಕೌಶಲ್ಯಾ ಕೇಳಿದಳು.

"ನಿನ್ನಂಗೇ ಕಂಡಿ," ಎಂದ. "ಅದಕ್ಕೇ ಅಂಜಿಕಿ ಆತು."

ಡಿಪೋದವರು ಅವನಿಗೆ ಕಚೇರಿಯಲ್ಲಿ ಕೆಲಸ ಕೊಟ್ಟರು. ದಮ್ಮು ಮರಳಿ ಬಂತು. ಅದಕ್ಕೆ ಬೇರೆ ಔಷಧ ನಡೆಯಿತು. ಅವನು ಏದುಸಿರು ಬಿಡುವುದು ಕೇಳಿದಾಗಲೆಲ್ಲ ಕೌಶಲ್ಯಾ ಒಲೆಯ ಮುಂದಿನಿಂದ ಎದ್ದು ಬಂದು, ಅವನು ತನ್ನನ್ನು ಹೆಸರು ಹಿಡಿದು ಕರೆಯುವ ತನಕ ಅಲ್ಲೇ ನಿಲ್ಲುತ್ತಿದ್ದಳು.