ಎಂಟು ಬೋಲ್ಟುಗಳ ಬಿಳಿ ಗೀಟು

ಬಿಳಿ ಗೀಟು ಎಳೆದದ್ದು ನಾನೇ. ಅದಕ್ಕೆ ಬೇರೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿಲ್ಲ. ಎಂಟು ಬೋಲ್ಟು, ಎಂಟು ಗೀಟು, ಒಂದು ನಿಮಿಷವೂ ಹಿಡಿಯಲಿಲ್ಲ. ಆ ಒಂದು ನಿಮಿಷಕ್ಕೆ ಆಮೇಲೆ ನಾನು ಪಟ್ಟ ಹೆದರಿಕೆ ನನ್ನ ಶತ್ರುವಿಗೂ ಬೇಡ.

ನಾನು ಎಂಜಿನ್ ಕಟ್ಟುವವಳು. ಕೆಲಸ ಕಲಿತದ್ದು ಮಾವನಿಂದ, ಅಂದರೆ ಗಂಡನ ಅಪ್ಪನಿಂದ. ಗಂಡನಿಗೆ ಇದರ ಗಂಧಗಾಳಿಯಿಲ್ಲ. ಅವರು ಗ್ರಂಥಾಲಯದಲ್ಲಿ ಕೂತು, ಯಾರಾದರೂ ಕೆಮ್ಮಿದರೆ ಕಣ್ಣು ಕೆಕ್ಕರಿಸುವ ಜನ. ಮಗ ಕೈಗೆ ಮಸಿ ಮಾಡಿಕೊಳ್ಳಲು ಒಪ್ಪದಿದ್ದಾಗ ಮಾವ ಸೊಸೆಯ ಕೈಗೆ ಬೋಲ್ಟು ತಿರುಗಿಸುವ ಪಾನ ಕೊಟ್ಟರು. ಇಪ್ಪತ್ತೆರಡು ವರ್ಷವಾಯಿತು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇಥು, ಒಂದು ಉದ್ದನೆಯ ಕಬ್ಬಿಣದ ಮೇಜು, ಎರಡು ಸ್ಟೂಲು. ಒಂದರ ಮೇಲೆ ಅವರು, ಇನ್ನೊಂದರ ಮೇಲೆ ನಾನು. ನನ್ನ ಮಗಳು ಹೊಟ್ಟೆಯಲ್ಲಿದ್ದಾಗಲೇ ಅಲ್ಲಿಯ ಸದ್ದು ಕೇಳಿಸಿಕೊಂಡು ಬೆಳೆದವಳು. ಈಗ ಅವಳಿಗೆ ಇಪ್ಪತ್ತೊಂದು. ವಾರವೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕಟ್ಟುಹಲ್ಲು ತಯಾರಿಸುತ್ತಾಳೆ. ರಜೆ ಬಂದರೆ ಸಾಕು, ರೇಸ್ ಟ್ರ್ಯಾಕಿನ ಹುಚ್ಚು. ಅಲ್ಲಿ ಕೆಲವು ದಿನ ನಮ್ಮಂಥವರಿಗೂ ಸ್ವಂತ ಕಾರು ತಂದು ಓಡಿಸಲು ಬಿಡುತ್ತಾರೆ. ಪಂದ್ಯವಿಲ್ಲ, ಬಹುಮಾನವಿಲ್ಲ, ವೇಗ ಮಾತ್ರ.

ಅವಳ ಪುಟ್ಟ ಕಾರಿಗೆ ನಾವು ಹೈಬ್ರಿಡ್ ಎಂಜಿನ್ ಕಟ್ಟುತ್ತೇವೆ ಎಂದಾಗ ನನ್ನವರು, "ಓ, ಬ್ಯಾಟರೀದಾ?" ಎಂದರು.

"ಬ್ಯಾಟರಿ ಅಲ್ಲ ರೀ, ಮದುವೆ," ಎಂದೆ. "ಕೆಳಗಿನ ಬ್ಲಾಕು ಒಂದು ಕಾರಿಂದು, ಮೇಲಿನ ಹೆಡ್ಡು ಇನ್ನೊಂದು ಕಾರಿಂದು. ಟರ್ಬೊ ಗಿರ್ಬೊ ಏನೂ ಇಲ್ಲ. ಉಸಿರು ತಾನೇ ಎಳ್ಕೋಬೇಕು, ತಾನೇ ಓಡಬೇಕು."

ಬ್ಲಾಕು ದೊಡ್ಡ ಕಾರಿನದು, ಬಲ ಹೆಚ್ಚು. ಹೆಡ್ಡು ಚುರುಕು ಎಂಜಿನ್ನಿನದು, ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗಿದರೂ ಉಸಿರು ಕಟ್ಟುವುದಿಲ್ಲ. ಎರಡೂ ಒಂದೇ ಮನೆತನದವಾದರೂ ಬೀಗರಂತೆ ಒಂದು ವಿಷಯಕ್ಕೆ ಜಗಳ. ಬ್ಲಾಕು ಎಣ್ಣೆ ಕಳಿಸುವ ತೂತು ಒಂದು ಕಡೆ, ಹೆಡ್ಡು ಎಣ್ಣೆಗೆ ಬಾಯಿ ಬಿಟ್ಟುಕೊಂಡು ಕೂತಿರುವುದು ಇನ್ನೊಂದು ಕಡೆ. ಮಾವ ಲೇಥಿನಲ್ಲಿ ಬೆರಳ ತುದಿಯಷ್ಟು ಬಿರಡೆ ಕಡೆದು ಹಳೆಯ ತೂತು ಮುಚ್ಚಿದರು. ಹೊರಗಿನಿಂದ ಬೇರೆ ಕೊಳವೆ ಎಳೆದೆವು. ಆ ಜಾಗವನ್ನು ನಾವಿಬ್ಬರೂ ಹತ್ತು ಸಲ ನೋಡಿದೆವು. ಕಷ್ಟದ ಜಾಗದಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಎಡವುವುದು ದಿನಾ ಓಡಾಡುವ ಹೊಸ್ತಿಲಲ್ಲೇ.

ನಮ್ಮ ಶೆಡ್ಡಿನ ಪದ್ಧತಿ ಹೀಗೆ. ಬೋಲ್ಟು ಬಿಗಿಯುವವರು ಟಾರ್ಕ್ ಪಾನದಲ್ಲಿ ಬಿಗಿಯುತ್ತಾರೆ. ಸರಿಯಾದ ಬಿಗಿಗೆ ಬಂದಾಗ ಆ ಪಾನ 'ಕಟ್' ಎನ್ನುತ್ತದೆ. ಆಗ ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಒಂದು ಗೀಟು. ಆಮೇಲೆ ಇನ್ನೊಬ್ಬರು ಅದೇ ಪಾನ ಇಟ್ಟು ಮತ್ತೆ ನೋಡಬೇಕು. ಬೋಲ್ಟು ಅಲುಗದೆ 'ಕಟ್' ಎಂದರೆ ಹಳದಿಯ ಪಕ್ಕ ಬಿಳಿ ಗೀಟು. ಹಳದಿ ಯಾವಾಗಲೂ ಮಾವನದು, ಬಿಳಿ ನನ್ನದು. ನಾನು ಸೇರಿದ ಮೊದಲ ದಿನವೇ ಹೇಳಿದ್ದರು, "ಬಿಳಿ ಅಂದ್ರೆ ಅನುಮಾನ ಕಣಮ್ಮ. ನನ್ನ ಮೇಲೆ ಅನುಮಾನ ಪಡೋದಕ್ಕೇ ನಿನ್ನ ಇಟ್ಕೊಂಡಿರೋದು. ನಾಚ್ಕೋಬೇಡ."

ಇಪ್ಪತ್ತೆರಡು ವರ್ಷ ಅನುಮಾನಪಟ್ಟೆ. ಒಂದೇ ಒಂದು ಬೋಲ್ಟು ಸಡಿಲ ಸಿಗಲಿಲ್ಲ.

ಹೋದ ವರ್ಷದಿಂದ ಅವರ ಕೈ ನಡುಗುತ್ತದೆ. ಲೋಟ ಹಿಡಿದರೆ ತಟ್ಟೆಗೆ ತಾಗಿ ಕಟಕಟ ಸದ್ದು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಪಿಸ್ಟನ್ನುಗಳನ್ನು ಹಿಡಿಯುವ ಕನೆಕ್ಟಿಂಗ್ ರಾಡುಗಳನ್ನು, ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ಕ್ರ್ಯಾಂಕಿಗೆ ಕಟ್ಟಿದ ದಿನ ಅವರು ಎಂಟು ಬೋಲ್ಟು ಬಿಗಿದು, ಎಂಟು ಹಳದಿ ಗೀಟು ಎಳೆದು, ಪಾನವನ್ನು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದರು. ಹಳದಿ ಗೀಟುಗಳು ಮೊದಲಿನಂತೆ ನೆಟ್ಟಗಿರಲಿಲ್ಲ, ಹಾವು ಹರಿದ ಹಾಗಿದ್ದವು. ನಾನು ಪಾನ ಎತ್ತಿಕೊಂಡೆ. ಒಂದು ಬೋಲ್ಟು ತಿರುಗಿಬಿಟ್ಟರೆ? ತಿರುಗಿದರೆ ಹೇಳಬೇಕು. ಹೇಳಿದರೆ ಆ ಮುಖವನ್ನು ನಾನು ಹೇಗೆ ನೋಡಲಿ? ಪಾನವನ್ನು ಅಲ್ಲೇ ಇಟ್ಟು ಬ್ರಷ್ಷು ತೆಗೆದುಕೊಂಡೆ. ಟಕಟಕ ಎಂಟು ಗೀಟು ಎಳೆದೆ. ಹೇಡಿ, ಇನ್ನೇನು! ಸಂಜೆಯೊಳಗೆ ಎಂಜಿನ್ನಿನ ಅಡಿಗೆ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಮುಚ್ಚಿದೆವು. ಬೋಲ್ಟುಗಳು ಕಣ್ಣಿಂದ ಮರೆಯಾದವು. ನನ್ನ ಮನಸ್ಸಿನಿಂದಲೂ ಮರೆಯಾದವು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳು ಕಾರು ರಸ್ತೆಯಲ್ಲಿ ಮೆಲ್ಲಗೆ ಓಡಿತು. ಏನೂ ಆಗಲಿಲ್ಲ. ಮೆಲ್ಲಗೆ ಓಡಿದರೆ ಏನೂ ಆಗುವುದೂ ಇಲ್ಲ.

ಟ್ರ್ಯಾಕಿಗೆ ಹೋದ ದಿನ ಬೆಳಿಗ್ಗೆ ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನನ್ನನ್ನು ನೋಡಿದಳು. "ಅಮ್ಮ, ಯಾಕೆ ಹರಳೆಣ್ಣೆ ಕುಡಿದೋಳ ಥರ ನಿಂತಿದ್ದೀಯ?"

"ಜೋಪಾನ," ಎಂದೆ.

"ಮೊದಲ್ನೇ ಎರಡು ಸುತ್ತು ಯಾರನ್ನೂ ಜೋರಾಗಿ ಬಿಡಲ್ಲ. ಆಮೇಲೆ ನೋಡು!" ಎಂದು ತಾತನ ಕಡೆ ಹೆಬ್ಬೆರಳು ತೋರಿಸಿ ಹೊರಟಳು.

ಮಾವ ಗೋಡೆಯ ಪಕ್ಕ ಮಡಿಸುವ ಕುರ್ಚಿಯಲ್ಲಿ ಕೂತಿದ್ದರು. ಮೊದಲ ಸುತ್ತು ಮುಗಿಸಿ ಅವಳು ನಮ್ಮೆದುರು ಹಾದುಹೋದಾಗ ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಡೆ ಬಾಗಿ, ಏನೋ ಮಾಮೂಲು ಮಾತೆಂಬಂತೆ ಹೇಳಿದರು.

"ಈ ದಪ್ಪ ಸದ್ದು ಚೆನ್ನಾಗಿ ಕೇಳ್ಸುತ್ತಮ್ಮ. ಸಣ್ಣ ಸದ್ದುಗಳೇ ಹೋಗ್ಬಿಟ್ವು. ಪಾನದ ಕಟ್ ಅನ್ನೋದು ಕೇಳಿ ಆರು ತಿಂಗಳಾಯ್ತು."

ನನಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದು ಎಂದು ಮನಸ್ಸು ಹಟ ಹಿಡಿದಿರಬೇಕು. "ಮತ್ತೆ ಆ ರಾಡಿನ ಬೋಲ್ಟು ಹೇಗೆ ಬಿಗಿದ್ರಿ ಮಾವ?"

"ಕೈಯಂದಾಜು. ಕೈಗೂ ಈಗ ಸರಿಯಾಗಿ ಗೊತ್ತಾಗಲ್ಲ, ನಿಂಗೆ ಸುಳ್ಳು ಯಾಕೆ ಹೇಳ್ಲಿ. ನೀನಿದ್ದೀಯಲ್ಲ ಅಂತ ಧೈರ್ಯ. ನಿನ್ನ ಬಿಳಿ ಗೀಟು ನೋಡಿದ್ಮೇಲೇ ನಂಗೆ ಆವತ್ತು ನಿದ್ದೆ ಬಂದಿದ್ದು."

ಅವರು ನನ್ನನ್ನು ನಂಬಿಕೊಂಡಿದ್ದರು, ನಾನು ಅವರನ್ನು ನಂಬಿಕೊಂಡಿದ್ದೆ. ನಡುವೆ ಆ ಬೋಲ್ಟುಗಳನ್ನು ಯಾರೂ ನೋಡಿಯೇ ಇರಲಿಲ್ಲ. ರಾಡಿನ ಬೋಲ್ಟು ಸಡಿಲಾದರೆ ಏನಾಗುತ್ತದೆಂದು ಈ ಜಗತ್ತಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಎಂಟು ಸಾವಿರ ಸುತ್ತಿನಲ್ಲಿ ರಾಡು ಕಳಚಿ ಬ್ಲಾಕಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ. ಕುದಿಯುವ ಎಣ್ಣೆ ಅದೇ ಕಾರಿನ ಚಕ್ರದಡಿ ಚೆಲ್ಲುತ್ತದೆ. ಕಾರು ಎತ್ತ ಹೋಗಬೇಕೆಂದು ಆಮೇಲೆ ಓಡಿಸುವವರು ಹೇಳುವುದಲ್ಲ.

ಎರಡನೆಯ ಸುತ್ತು ಆಗಲೇ ಅರ್ಧವಾಗಿತ್ತು. ನಾನು ಓಡಿದೆ. ಚಪ್ಪಲಿ ಒಂದು ಎಲ್ಲೋ ಬಿತ್ತು.

ಬಾವುಟ ಹಿಡಿದವರು ಒಬ್ಬ ನಡುವಯಸ್ಸಿನ ಮನುಷ್ಯ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದರು. ಅವರ ತೋಳು ಹಿಡಿದು ಜಗ್ಗಿದೆ. "ಹದಿನೇಳನೇ ನಂಬರ್ ಕಾರು ನಿಲ್ಸಿ! ನನ್ನ ಮಗಳು!"

ಅವರು ಮುಚ್ಚಳ ಸರಿಸಿ ಟ್ರ್ಯಾಕು ನೋಡಿದರು. "ಹೊಗೆ ಇಲ್ಲ, ಎಣ್ಣೆ ಸೋರ್ತಿಲ್ಲ. ಚೆನ್ನಾಗೇ ಓಡಿಸ್ತಿದ್ದಾಳಲ್ಲಮ್ಮ. ತಾಯಂದಿರಿಗೆ ಹೆದರಿಕೆ ಇದ್ದದ್ದೇ."

"ಹೆದರಿಕೆ ಅಲ್ಲ ಸ್ವಾಮಿ! ಎಂಜಿನ್ ಕಟ್ಟಿದ್ದು ನಾನು."

"ಕಟ್ಟಿದ್ದೀರಿ, ಸರಿ. ಏನಾಗಿದೆ ಈಗ?"

ನಾನು ಹಿಂದೆ ತಿರುಗಿ ನೋಡಿದೆ. ಮಾವ ಕುರ್ಚಿಯಿಂದ ಎದ್ದು, ನನ್ನ ಬಿದ್ದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ನಮ್ಮ ಕಡೆಗೇ ನಿಧಾನವಾಗಿ ಬರುತ್ತಿದ್ದರು. ಅಷ್ಟರಲ್ಲಿ ಮಗಳು ನಮ್ಮೆದುರು ಹಾದುಹೋದಳು. ಎರಡು ಸುತ್ತು ಮುಗಿದಿತ್ತು. ಮೂರನೆಯ ಸುತ್ತಿಗೆ ಅವಳು ಕಾಲು ಪೂರ್ತಿ ಒತ್ತಿದ್ದು ನನ್ನ ಎದೆಗೇ ತಾಗಿತು.

"ನೋಡದೇನೇ ನೋಡಿದ್ದೀನಿ ಅಂತ ಗುರುತು ಹಾಕಿದ್ದೀನಿ," ಎಂದೆ. ಕೂಗಿಯೇ ಹೇಳಬೇಕಾಯಿತು. "ರಾಡಿನ ಬೋಲ್ಟು. ಎಂಟಕ್ಕೆ ಎಂಟೂ. ಬಿಗಿ ಇದೆಯೋ ಇಲ್ವೋ ನಂಗೆ ಗೊತ್ತಿಲ್ಲ."

ಅವರು ಕಾರನ್ನು ಒಳಗೆ ಕರೆಸುವ ಕಪ್ಪು ಬಾವುಟ ಎಳೆದುಕೊಂಡು, ಹದಿನೇಳು ಎಂಬ ಹಲಗೆ ಸಿಕ್ಕಿಸಿ ಗೋಡೆ ಹತ್ತಿದರು. ಆದರೆ ಬಾವುಟ ಕಾಣಬೇಕಾದರೆ ಅವಳು ಸುತ್ತು ಹಾಕಿ ಮತ್ತೆ ಇಲ್ಲಿಗೇ ಬರಬೇಕು.

ಆ ಒಂದು ಸುತ್ತು. ಕಾರು ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಹಿಂಭಾಗದ ನೇರ ದಾರಿಯಲ್ಲಿ ಅದು ಏರಿತು, ಏರಿತು, ಇನ್ನೂ ಏರಿತು. ಬಾಳಿನಲ್ಲಿ ನಾನು ಕಟ್ಟಿದ ಎಂಜಿನ್ನುಗಳಲ್ಲೇ ಅಷ್ಟು ಚೆಂದದ ಸ್ವರ ಬೇರೆ ಯಾವುದಕ್ಕೂ ಇರಲಿಲ್ಲ. ಸಾಕು ಕಣೇ, ಸಾಕು, ಕಾಲು ತೆಗಿ, ಎಂದು ಬಾಯಲ್ಲೇ ಗೊಣಗುತ್ತಿದ್ದೆ. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಗೋಡೆ ಹಿಡಿದುಕೊಂಡೆ. ಮರುಕ್ಷಣ ಸದ್ದು ಮತ್ತೆ ಶುರುವಾಯಿತು. ತಿರುವಿಗೆಂದು ಕಾಲು ತೆಗೆದಿದ್ದಳು, ಅಷ್ಟೇ. ನಾನು ಅಳುತ್ತಿದ್ದೆ ಎಂದು ಗೊತ್ತಾದದ್ದು ತುಟಿಗೆ ಉಪ್ಪು ತಾಗಿದಾಗ.

ಬಾವುಟ ಕಂಡು ಅವಳು ಒಳಗೆ ಬಂದಳು. ಹೆಲ್ಮೆಟ್ಟು ಕಿತ್ತು ಸೀಟಿನ ಮೇಲೆ ಎಸೆದಳು. "ಯಾರು ಬಾವುಟ ತೋರಿಸಿದ್ದು? ಎಷ್ಟು ಚೆನ್ನಾಗಿ ಎಳೀತಿತ್ತು ಗೊತ್ತಾ! ತಲೆ ಕೆಟ್ಟಿದ್ಯಾ ಎಲ್ಲರಿಗೂ?"

"ಎಂಜಿನ್ ಆಫ್ ಮಾಡು," ಎಂದೆ.

"ಅಮ್ಮ, ಏನಾಯ್ತು ಅಂತಾನಾದ್ರೂ..."

"ಆಫ್ ಮಾಡೇ!"

ಮಾಡಿದಳು. ಮಾವ ಬಂದು ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟರು. ಅವರಿಗೆ ಕೇಳಿಸುವಂತೆ ಹತ್ತಿರ ಹೋಗಿ ಹೇಳಿದೆ, "ಆಯಿಲ್ ಚೇಂಬರ್ ಬಿಚ್ಚಬೇಕು ಮಾವ. ರಾಡಿನ ಬೋಲ್ಟು ನೋಡಬೇಕು."

"ನೀನು ಆವತ್ತೇ ನೋಡಿದ್ಯಲ್ಲಮ್ಮ," ಎಂದರು.

ಜಾಕು ತರಲು ಹೋದೆ.

ಎಣ್ಣೆ ಇಳಿಸಿ, ಎಕ್ಸಾಸ್ಟ್ ಕೊಳವೆ ಬಿಚ್ಚಿ, ಚೇಂಬರ್ ಕಳಚುವಷ್ಟರಲ್ಲಿ ಎರಡು ಗಂಟೆ ಹೋಯಿತು. ಮಗಳು ಟಾರ್ಚು ಹಿಡಿದು ನನ್ನ ಪಕ್ಕ ಕಾರಿನಡಿ ಮಲಗಿದಳು. ಅವಳಿಗೆ ಅಷ್ಟರಲ್ಲಿ ಅರ್ಥವಾಗಿತ್ತು ಎಂದು ಕಾಣುತ್ತದೆ. ಮಾವ ಮೊಣಕಾಲೂರಿ ಕೂತು, ತಲೆ ಬಗ್ಗಿಸಿ, ಬೋಲ್ಟನ್ನಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಪಾನದ ಕಟ್ ಕೇಳಿಸುವುದಿಲ್ಲವಲ್ಲ, ನನ್ನ ಮುಖದಲ್ಲೇ ಓದಬೇಕಿತ್ತು.

ಡೊಂಕು ಹಳದಿ, ಪಕ್ಕದಲ್ಲಿ ನನ್ನ ನೆಟ್ಟಗಿನ ಬಿಳಿ. ಅದನ್ನು ನೋಡಲು ನನಗೇ ಅಸಹ್ಯವಾಯಿತು. ಪಾನ ಇಟ್ಟೆ. ಕಟ್. ತಲೆಯಾಡಿಸಿದೆ. ಎರಡನೆಯದು, ಕಟ್. ಮೂರು, ನಾಲ್ಕು. ಕ್ರ್ಯಾಂಕು ತಿರುಗಿಸಿ ಐದು, ಆರು. ಕಟ್. ಪ್ರತಿಸಲ ತಲೆಯಾಡಿಸಿದಾಗಲೂ ಅವರ ಮುಖದಿಂದ ಒಂದೊಂದು ವರ್ಷ ಇಳಿಯುತ್ತಿತ್ತು.

ಏಳನೆಯದು ಕಟ್ ಎನ್ನಲಿಲ್ಲ. ಪಾನ ನನ್ನ ಕೈಯಲ್ಲಿ ಮೆತ್ತಗೆ ತಿರುಗಿತು.

ಟಾರ್ಚಿನ ಬೆಳಕು ಅಲ್ಲಾಡಿತು. ಮಗಳ ಉಸಿರು ನನ್ನ ಕಿವಿಯ ಹತ್ತಿರವೇ ಇತ್ತು.

"ಆಯ್ತಾ?" ಎಂದರು ಮಾವ.

ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವರಿಗೆ ಆ ಸಣ್ಣ ಸದ್ದು ಕೇಳುವುದಿಲ್ಲ. ನಾನು ಮಾತಾಡದೆ ಬಿಗಿದುಬಿಟ್ಟಿದ್ದರೆ ಮಗಳೂ ಬಾಯಿ ಬಿಡುತ್ತಿರಲಿಲ್ಲ. ಆ ಸುಳ್ಳು ಎಷ್ಟು ಸುಲಭವಾಗಿ ಕೈಗೆ ಬಂತೆಂದರೆ ನನಗೆ ಟ್ರ್ಯಾಕಿನ ಬದಿಯಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಕೈ ಚಾಚಿ ಅವರ ಕೈ ಹಿಡಿದೆ. ಅದನ್ನು ತಂದು ಪಾನದ ಹಿಡಿಯ ಮೇಲೆ ಇಟ್ಟು, ಮೇಲೆ ನನ್ನ ಕೈಯಿಟ್ಟು ಎಳೆದೆ. ಇಬ್ಬರ ಕೈಯಡಿಯಲ್ಲೂ ಬೋಲ್ಟು ಇನ್ನಷ್ಟು ತಿರುಗಿತು. ಆಮೇಲೆ ಕಟ್ ಎಂದಿತು.

ತುಂಬ ಹೊತ್ತು ಅವರು ಹಿಡಿ ಬಿಡಲಿಲ್ಲ.

"ತಿರುಗ್ತು," ಎಂದರು.

"ಬಿಳಿ ಗೀಟು ಸುಳ್ಳು ಮಾವ. ಆವತ್ತು ನಾನು ಪಾನ ಇಡ್ಲೇ ಇಲ್ಲ. ನಿಮ್ಮ ಕೈ ನೋಡಿ... ಕೇಳೋಕೆ ಧೈರ್ಯ ಆಗ್ಲಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಮೊಮ್ಮಗಳ ಮುಖ ನೋಡಿದರು, ಹೆಲ್ಮೆಟ್ಟಿನಡಿ ಬೆವೆತು ಹಣೆಗೆ ಅಂಟಿದ್ದ ಅವಳ ಕೂದಲು ನೋಡಿದರು. "ನಂಗೂ ಹೇಳೋಕೆ ಧೈರ್ಯ ಆಗ್ಲಿಲ್ಲಮ್ಮ," ಎಂದರು.

ಆಮೇಲೆ ಜೇಬಿಗೆ ಕೈ ಹಾಕಿ ಹಳದಿ ಬಣ್ಣದ ಸೀಸೆಯನ್ನು ತೆಗೆದು ನನಗೆ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ. ಅವರ ಜೇಬಿನ ಬಿಸಿಗೆ ಸೀಸೆ ಬೆಚ್ಚಗಿತ್ತು.

"ಹಳೇ ಗೀಟೆಲ್ಲ ಒರೆಸು. ಎಂಟೂ ಮೊದಲಿಂದ ನೀನೇ ಬಿಗಿ," ಎಂದರು. "ಬಿಳಿ ಬ್ರಷ್ಷು ಅವಳಿಗೆ ಕೊಡು. ಕಾರಲ್ಲಿ ಕೂತ್ಕೊಳ್ಳೋಳು ಅವಳು ತಾನೇ, ಅವಳೇ ಅನುಮಾನ ಪಡ್ಲಿ."

ನಾನು ಬಿಗಿದೆ. ನನ್ನ ಹಳದಿ ಗೀಟುಗಳು ಅವರದಕ್ಕಿಂತಲೂ ಡೊಂಕಾದವು. ಮಗಳು ನನ್ನ ಕೈಯಿಂದ ಪಾನ ತೆಗೆದುಕೊಂಡು ಒಂದೊಂದಕ್ಕೂ ಇಟ್ಟು ನೋಡಿದಳು, ಅವಸರ ಮಾಡಲಿಲ್ಲ. ಎಂಟನೆಯದು ಆದಮೇಲೆ, ಬಿಳಿ ಗೀಟು ಎಳೆಯುವ ಮುಂಚೆ, ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದಳು. ನಾನು ಟಾರ್ಚು ಹಿಡಿದುಕೊಂಡೆ.