ಬೆಟ್ಟದ ಮೇಲೆ ಹೆಣ್ಣು ನೋಡುವ ಶಾಸ್ತ್ರ

ಫರಂಗೀಸ್ ಖಾನುಂ ನಮಗೆ ಮಾಡಿದ ಮರ್ಯಾದೆ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬೈದವರಿಗೆ ತಿರುಗಿ ಬೈದರೆ ಲೆಕ್ಕ ಚುಕ್ತಾ ಆಗುತ್ತದೆ. ಮರ್ಯಾದೆ ಮಾಡಿದವರನ್ನು ಏನು ಮಾಡುವುದು?

ನನ್ನ ತಂಗಿ ಬದ್ರಿಯ ಮಗಳು ಸೂದಾಬೆಯನ್ನು ನೋಡಲು ಅವರು ಬಂದದ್ದು ಚಳಿಗಾಲದ ಆರಂಭದಲ್ಲಿ. ಹುಡುಗನ ಹೆಸರು ಸಿಯಾಮಕ್. ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಮೆತ್ತಗಿನ ಮಾತು. ಫರಂಗೀಸ್ ಖಾನುಂ ಅವನ ತಾಯಿ; ಖಾನುಂ ಅಂದರೆ ನಮ್ಮಲ್ಲಿ ಅಮ್ಮನವರು ಅಂದ ಹಾಗೆ. ಎಲ್ಲರ ಮನೆಯಲ್ಲೂ ನಡೆಯುವ ಹಾಗೆ ಸೂದಾಬೆ ಚಹಾದ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದಳು, ಕೊಟ್ಟಳು, ಕೂತಳು. ರತ್ನಗಂಬಳಿಯ ಮೇಲೆ ಅಷ್ಟು ದೂರ ನಡೆಯುವುದು ಅವಳಿಗೆ ದೊಡ್ಡದಲ್ಲ. ಹುಟ್ಟುವಾಗಲೇ ಅವಳ ಎಡ ಸೊಂಟದ ಕೀಲು ಜಾರಿತ್ತು. ಮಗುವಾಗಿದ್ದಾಗ ಆಪರೇಷನ್ ಆಗಿ, ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿ ಎದ್ದವಳು. ದಣಿದಾಗ, ಇಲ್ಲವೆ ಚಳಿ ಹೊಡೆದಾಗ, ಆ ಕಾಲು ಸ್ವಲ್ಪ ಎಳೆಯುತ್ತದೆ. ನೆಟ್ಟಗೆ ನಡಿ, ಜನ ನೋಡುತ್ತಾರೆ ಎಂದು ಬದ್ರಿ ಹೇಳಿ ಹೇಳಿ, ನೋವು ನುಂಗಿಕೊಂಡು ನೆಟ್ಟಗೆ ನಡೆಯುವುದು ಹುಡುಗಿಗೆ ರೂಢಿಯಾಗಿಬಿಟ್ಟಿದೆ.

ಆದರೆ ಮೋಸ ಮಾಡುವವಳಲ್ಲ. ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಬಾಲ್ಕನಿಗೆ ಕಳಿಸಿದಾಗ ಕಾಲಿನ ವಿಷಯವನ್ನು ಅವನಿಗೆ ತಾನೇ ಹೇಳಿಬಿಟ್ಟಳು. ಅದೂ ಒಂದು ವಿಷಯವೇ, ಅಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ ಬಿಡಿ ಎಂದನಂತೆ. ಅವತ್ತು ಸಂಜೆ ಲೋಟ ತೊಳೆಯುತ್ತ ಅವಳು ಹಾಡು ಗುನುಗುತ್ತಿದ್ದಳು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪ ಹೇಳಿ ಹಿಂದೆ ಸರಿದಿದ್ದವು, ಅವಳಿಗೂ ಮೂವತ್ತು ಹತ್ತಿರ ಬಂದಿತ್ತು. ಇವನನ್ನು ಮನಸಾರೆ ಒಪ್ಪಿದ್ದಳು.

ಕೆಲವು ದಿನ ಬಿಟ್ಟು ಅವರ ಕಡೆಯಿಂದ ಫೋನು ಬಂತು. ಈ ಶುಕ್ರವಾರ ಎಲ್ಲರೂ ಸೊಫೆ ಬೆಟ್ಟಕ್ಕೆ ಹೋಗೋಣ, ಮಕ್ಕಳಿಗೆ ಇನ್ನಷ್ಟು ಪರಿಚಯವಾಗಲಿ ಎಂದರು. ಇಸ್ಫಹಾನಿನಲ್ಲಿ ಹುಟ್ಟಿ ಶುಕ್ರವಾರ ಬೆಳಗ್ಗೆ ಸೊಫೆ ಹತ್ತದವರು ಯಾರಿದ್ದಾರೆ? ಒಳ್ಳೆಯದೇ ಆಯಿತು ಅಂದುಕೊಂಡೆ. ಬದ್ರಿಗೆ ಮಂಡಿನೋವು, ಹಾಗಾಗಿ ಹುಡುಗಿಯ ಜೊತೆ ನಾನು ಹೊರಟೆ.

ಮೂಗು ಕಿತ್ತುಹೋಗುವಂಥ ಚಳಿ. ಊರಿನ ಮೇಲೆ ಹೊಗೆ ಕವಿದಿತ್ತು, ನೆರಳಿನ ಮೆಟ್ಟಿಲುಗಳ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಕೇಬಲ್ ಕಾರಿನಲ್ಲಿ ಮೇಲೆ ಹೋಗೋಣವೇ ಎಂದು ಕೇಳಿದೆ. ವಯಸ್ಸಿನ ಮಕ್ಕಳು ನಡೆಯಬೇಕು ತೂರಾನ್ ಖಾನುಂ ಎಂದು ನನ್ನ ಹೆಸರು ಹಿಡಿದು ಹೇಳಿದರು ಫರಂಗೀಸ್ ಖಾನುಂ. ಅವರದೋ ಭಾರೀ ಶರೀರ, ಮೊದಲ ತಿರುವಿಗೇ ಏದುಸಿರು. ಆದರೂ ಆ ಉಪಚಾರವೇನು! ದಾರಿ ಕಿರಿದಾದ ಕಡೆಯಲ್ಲೆಲ್ಲ ಎದೆಯ ಮೇಲೆ ಕೈಯಿಟ್ಟು, ಮೊದಲು ನೀನು ಹೋಗಮ್ಮ ಎಂದು ಸೂದಾಬೆಯನ್ನು ಮುಂದೆ ಬಿಡುವರು. ನಮ್ಮೂರಿನಲ್ಲಿ ಬಾಗಿಲ ಬಳಿ ಮೊದಲು ನೀವು, ಮೊದಲು ನೀವು ಎಂದು ನಿಂತು ಒಳಗಿನ ಸಾರು ಆರಿಸಿಕೊಂಡವರು ಎಷ್ಟೋ ಜನ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಎಂಥ ಸಂಸ್ಕಾರವಂತ ಅತ್ತೆ ಸಿಕ್ಕಳು ನಮ್ಮ ಹುಡುಗಿಗೆ ಎಂದು ಹಿಗ್ಗಿದೆ, ನನ್ನ ಬುದ್ಧಿಗೆ ಮಣ್ಣು ಹಾಕ.

ಸಿಯಾಮಕ್ ಚೀಲ ಹೊತ್ತು ಮುಂದೆ ಹೋಗಿ, ನೆತ್ತಿಯ ಹತ್ತಿರ ಒಂದು ಚಪ್ಪಟೆ ಬಂಡೆ ಹುಡುಕಿ, ರೊಟ್ಟಿ, ಗಿಣ್ಣು, ಅಕ್ರೋಟು ಹರಡಿದ್ದ. ನಾನು ಬಂಡೆಯ ಆಚೆ ಬಿಸಿಲಿಗೆ ಮೈ ಕಾಯಿಸಿಕೊಳ್ಳಲು ಹೋದೆ. ಅಲ್ಲಿ ಫರಂಗೀಸ್ ಖಾನುಂ ನನಗೆ ಬೆನ್ನು ಮಾಡಿ ನಿಂತು, ತಮ್ಮ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಇಲ್ಲ ಕಣೆ, ಕೆಳಗಿಂದ ಅವಳ ಹಿಂದೇನೇ ಬಂದಿದೀನಿ, ಕಣ್ಣು ಕಿತ್ತಿಲ್ಲ. ಹತ್ತೋವಾಗ ಏನೂ ಗೊತ್ತಾಗ್ಲಿಲ್ಲ. ಇಳಿಯೋವಾಗ ನೋಡ್ಬೇಕು. ಇಳಿಯೋವಾಗ ಮುಚ್ಚಿಡೋಕಾಗಲ್ಲ."

ಕುದುರೆ ಕೊಳ್ಳುವವನು ಓಡಿಸಿ ನೋಡುತ್ತಾನೆ. ಅವನಾದರೂ ಕುದುರೆಯ ಮುಂದೆ ಎದೆಯ ಮೇಲೆ ಕೈಯಿಟ್ಟುಕೊಂಡು ಮೊದಲು ನೀನು ಅನ್ನುವುದಿಲ್ಲ. ಅಲ್ಲೇ ಅವರ ಜುಟ್ಟು ಹಿಡಿಯಬೇಕು ಅನ್ನಿಸಿತು. ಹಲ್ಲು ಕಚ್ಚಿಕೊಂಡು ಬಂದು, ಸೂದಾಬೆಯನ್ನು ಪಕ್ಕಕ್ಕೆ ಕರೆದು, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಆದರೆ ಆ ಹೆಂಗಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಿಯಾಮಕ್‌ಗೆ ಇದು ಗೊತ್ತಿತ್ತೇ ಎಂದಷ್ಟೇ ಕೇಳಿದಳು. ನನಗೇನು ಗೊತ್ತು ಎಂದೆ.

ಅವಳು ನೇರ ಅವನ ಹತ್ತಿರ ಹೋದಳು. ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ.

"ಈ ಬೆಟ್ಟ ಹತ್ತೋ ಯೋಚನೆ ಯಾರದು?"

"ನಂದೇ," ಎಂದ ಅವನು, ನಗುತ್ತ. ಅಷ್ಟರಲ್ಲಿ ನನ್ನ ಮುಖ ಕಂಡು ಅವನಿಗೆ ಎಲ್ಲ ಗೊತ್ತಾಯಿತು. ಆದರೂ ತಪ್ಪು ಮಾಡಿದವನ ಹಾಗೆ ತೊದಲಲಿಲ್ಲ. "ಅಮ್ಮ ಡಾಕ್ಟರ ಕಾಗದ ತರಿಸು ಅಂತ ಹಟ ಹಿಡಿದಿದ್ರು. ಹಾಗೆಲ್ಲ ಕೇಳಿದ್ರೆ ನಿಮಗೆ ನೋವಾಗುತ್ತಲ್ಲ? ಹೀಗಾದ್ರೆ ನಿಮಗೆ ಗೊತ್ತೇ ಆಗಲ್ಲ, ಅಮ್ಮನಿಗೂ ಸಮಾಧಾನ ಆಗುತ್ತೆ ಅಂದ್ಕೊಂಡೆ. ನೀವಂತೂ ಎಷ್ಟು ಚೆನ್ನಾಗಿ ಹತ್ತಿದ್ರಿ."

ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ತಾನು ಹುಡುಗಿಯ ಮಾನ ಉಳಿಸಿದೆ ಎಂದೇ ಅವನು ನಂಬಿದ್ದ. ಹೊಗಳಿಕೆಗೆ ಕಾದು ನಿಂತಿದ್ದ ಕೂಡ.

ಸೂದಾಬೆ ಅವನು ಕೊಟ್ಟ ಚಹಾವನ್ನು ಬಂಡೆಯ ಮೇಲಿಟ್ಟು, ಬಾ ದೊಡ್ಡಮ್ಮ ಎಂದು ಇಳಿಯತೊಡಗಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಾಲು ಎಳೆಯತೊಡಗಿತು. ನಾನು ಗಾಬರಿಯಾದೆ. ಆಮೇಲೆ ಅರ್ಥವಾಯಿತು. ಅವಳು ತಡೆದುಕೊಳ್ಳುವುದನ್ನೇ ಬಿಟ್ಟಿದ್ದಳು. ಕಾಲು ತನಗೆ ಹೇಗೆ ಬೇಕೋ ಹಾಗೆ ನಡೆಯುತ್ತಿತ್ತು. ಪ್ರತಿ ಮೆಟ್ಟಿಲಿಗೂ ಸೊಂಟ ಒಂದು ಕಡೆ ವಾಲುತ್ತಿತ್ತು, ಒಂದು ಕೈ ನನ್ನ ಹೆಗಲ ಮೇಲಿತ್ತು. ಹತ್ತಿ ಬರುತ್ತಿದ್ದವರು ದಾರಿ ಬಿಟ್ಟು ನಿಂತು ನೋಡಿದರು. ಇಷ್ಟು ವರ್ಷ ಆ ನಡಿಗೆಯನ್ನು ನಾನೂ ಸರಿಯಾಗಿ ನೋಡಿರಲಿಲ್ಲ.

ಹಿಂದಿನಿಂದ ಫರಂಗೀಸ್ ಖಾನುಂ ಓಡೋಡಿ ಬಂದರು. ಅಯ್ಯೋ, ಕಾಲು ಉಳುಕಿತೇನಮ್ಮ ಎಂದರು.

"ಉಳುಕಿಲ್ಲ ಖಾನುಂ," ಎಂದೆ ನಾನು. "ಅವಳ ನಡಿಗೇನೇ ಇದು. ಕಣ್ತುಂಬ ನೋಡ್ಕೊಳ್ಳಿ, ಇದಕ್ಕೇ ತಾನೇ ಬಂದಿದ್ದು?"

ಆ ಕಿರುದಾರಿಯಲ್ಲಿ ನಮ್ಮನ್ನು ದಾಟಿ ಹೋಗಲು ಜಾಗವಿರಲಿಲ್ಲ. ತಾಯಿ ಮಗ ಇಬ್ಬರೂ ಕೆಳಗಿನವರೆಗೂ ಹಿಂದೆಯೇ ಬರಬೇಕಾಯಿತು.

ಕೆಳಗೆ ಬೇಯಿಸಿದ ಬೀಟ್‌ರೂಟ್ ಮಾರುವ ಗಾಡಿಯ ಹತ್ತಿರ ಫರಂಗೀಸ್ ಖಾನುಂ ಬೆವರು ಒರೆಸಿಕೊಂಡು, ಮತ್ತೆ ಎದೆಯ ಮೇಲೆ ಕೈಯಿಟ್ಟರು. ಔದಾರ್ಯ ಅವರ ಮುಖದಲ್ಲಿ ಉಕ್ಕುತ್ತಿತ್ತು.

"ನೋಡಮ್ಮ, ಇಷ್ಟೇ ತಾನೇ? ನಮ್ಮ ಕಡೆಯಿಂದ ಏನೂ ಅಭ್ಯಂತರ ಇಲ್ಲ."

ಸಿಯಾಮಕ್ ಮುಖ ಅರಳಿತು.

"ನನಗಿದೆ, ಖಾನುಂ," ಎಂದಳು ಸೂದಾಬೆ. ನಂತರ ಕುಂಟುತ್ತಲೇ ಹೋಗಿ ಟ್ಯಾಕ್ಸಿ ನಿಲ್ಲಿಸಿದಳು.

ಟ್ಯಾಕ್ಸಿಯಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಫರಂಗೀಸ್ ಖಾನುಂ ಅವರ ಏಳು ತಲೆಮಾರನ್ನು ಎಳೆದು ತಂದು ಬೈದೆ. ಸೂದಾಬೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಅವರನ್ನ ಬಿಡು ದೊಡ್ಡಮ್ಮ," ಎಂದಳು ಕೊನೆಗೆ. "ಅವರು ನನ್ನ ಕಾಲು ನೋಡಿದ್ರು, ಅಷ್ಟೇ. ಸಿಯಾಮಕ್ ಅವರು ನೋಡೋಕೆ ಬಿಟ್ರಲ್ಲ."

ಮನೆ ಮುಟ್ಟುವವರೆಗೂ ಅವಳು ಅತ್ತಳು.