ಮೂವತ್ತೆರಡು ತೂತಿನ ಫ್ಲೇಂಜ್

ಪಂಪ್ ಹೌಸಿನ ಬಾಗಿಲಿಗೆ ಬರುವಷ್ಟರಲ್ಲೇ ಅವಳಿಗೆ ಗೊತ್ತಾಯಿತು, ತನಗಾಗಿ ಯಾರೂ ಕಾದಿಲ್ಲವೆಂದು. ದೊಡ್ಡ ಕೊಳವೆಗೆ ಹೊಸ ವಾಲ್ವ್ ಕೂರಿಸಿ, ನೀರು ತುಂಬಿಸಿ, ಒತ್ತಡ ಏರಿಸುವ ಪರೀಕ್ಷೆ ಶುರುವಾಗಿಬಿಟ್ಟಿತ್ತು. ಎರಡು ದಿನ ಇನ್ನೊಂದು ಘಟಕದ ತಪಾಸಣೆಗೆ ಹೋಗಿದ್ದ ಇನ್ಸ್‌ಪೆಕ್ಟರ್ ಅವಳು. ಇಲ್ಲಿಯ ಫೋರ್‌ಮನ್ ಅವಳ ಗಂಡನ ಅಣ್ಣ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ. ಅವರ ಮಾತಿಗೆ ಮನೆಯಲ್ಲೂ ಎದುರಿಲ್ಲ, ಕೆಲಸದಲ್ಲೂ ಇಲ್ಲ. ಇವಳನ್ನು ಈ ನೌಕರಿಗೆ ಸೇರಿಸಲು ಓಡಾಡಿದವರೂ ಅವರೇ.

"ಬಂದ್ಯಾ? ನಿನ್ನ ಅಳತೆ ಪುಸ್ತಕ ಬೇಕಾಗ್ಲೇ ಇಲ್ಲ ನೋಡು," ಎಂದರು ಭಾವ, ಕೈ ಒರೆಸಿಕೊಳ್ಳುತ್ತ. "ಸ್ಟೋರಿನವರು ಬಿ ಸೀರೀಸ್ ಫ್ಲೇಂಜ್ ಕಳಿಸಿದ್ರು. ನಲವತ್ನಾಲ್ಕು ತೂತು! ವಾಲ್ವಿಗೆ ಇರೋದು ಮೂವತ್ತೆರಡು. ಯಾವ ಜನ್ಮಕ್ಕೆ ಕೂರುತ್ತೆ? ನಾನೇ ಹಳೇ ಸಾಮಾನಿನ ಯಾರ್ಡೆಲ್ಲ ಜಾಲಾಡಿ ಇದನ್ನ ತಂದು ಬೆಸುಗೆ ಹಾಕಿಸ್ದೆ. ಹೂವೆತ್ತಿದ ಹಾಗೆ ಕೂತ್ಕೊಳ್ತು."

ವಾಲ್ವಿಗೆ ಬೋಲ್ಟು ಹಾಕಿ ಬಿಗಿಯಲು ಮೂವತ್ತಾರು ಇಂಚಿನ ಕೊಳವೆಯ ತುದಿಗೆ ಬೆಸೆದ ಉಕ್ಕಿನ ಭಾರೀ ಬಳೆ ಅದು. ಎ ಸೀರೀಸಿನದಾದರೆ ದಪ್ಪ, ಬೋಲ್ಟು ಕಡಿಮೆ, ಆದರೆ ತೋರ. ಬಿ ಸೀರೀಸಿನದು ಹಗುರ, ಬೋಲ್ಟು ಸಣ್ಣ, ಲೆಕ್ಕದಲ್ಲಿ ಜಾಸ್ತಿ. ಒಂದಕ್ಕೊಂದು ಜೋಡಿಯಾಗುವುದಿಲ್ಲ. ಇಷ್ಟೆಲ್ಲ ಭಾವನಿಗೆ ಬಾಯಿಪಾಠ.

"ಹನ್ನೆರಡು ಬಾರ್," ಎಂದು ಕೂಗಿದ ಪಂಪಿನವನು. ಎಂದೂ ಅವಸರ ಮಾಡದ ಅವನಿಗೆ ಎಲ್ಲರೂ ಇಟ್ಟ ಹೆಸರು ಗಡಿಬಿಡಿ. ಒತ್ತಡ ಮುಟ್ಟಬೇಕಾದದ್ದು ಮೂವತ್ತು ಬಾರ್.

ಭಾವ ಟಾರ್ಚ್ ಹಿಡಿದು, ಸೋರಿಕೆ ನೋಡಲು ಫ್ಲೇಂಜಿನ ಪಕ್ಕಕ್ಕೇ ಹೋಗಿ ಕುಕ್ಕರಗಾಲಲ್ಲಿ ಕೂತರು. ಅವರನ್ನೇ ಹಿಂಬಾಲಿಸಿದ ಅವಳ ಕಣ್ಣು ಬೋಲ್ಟುಗಳ ಮೇಲೆ ನಿಂತಿತು. ನಟ್ಟಿನಿಂದಾಚೆ ಒಂದೊಂದು ಬೋಲ್ಟೂ ಎರಡು ಬೆರಳಿನಗಲ ಹೊರಚಾಚಿತ್ತು.

"ಭಾವ, ಈ ಬೋಲ್ಟು ಯಾವುದಕ್ಕೆ ತರಿಸಿದ್ದು?"

"ಎ ಸೀರೀಸಿಗೇ. ಸ್ವಲ್ಪ ಉದ್ದ ಆಯ್ತು, ಅಷ್ಟೇ. ಗಿಡ್ಡ ಆಗಿದ್ರೆ ತಲೆ ಕೆಡಿಸ್ಕೋಬೇಕಿತ್ತು."

ಬೋಲ್ಟು ಉದ್ದವಾಗಿರಲಿಲ್ಲ. ಫ್ಲೇಂಜ್ ತೆಳುವಾಗಿತ್ತು. ಅವಳು ಟೇಪು ಹಿಡಿದಳು: ತೊಂಬತ್ತು ಮಿಲಿಮೀಟರ್ ಇರಬೇಕಾದಲ್ಲಿ ಸುಮಾರು ಅರ್ಧ. ಊರಿಗೆ ನೀರು ಒಯ್ಯುವ ಕೊಳವೆಗಳ ಫ್ಲೇಂಜಿಗೂ ಮೂವತ್ತೆರಡೇ ತೂತು, ಅದೇ ಸುತ್ತಳತೆಯಲ್ಲಿ, ಅಷ್ಟೇ ದೊಡ್ಡವು. ಆದರೆ ಅದನ್ನು ಮಾಡಿದ್ದು ಹತ್ತು ಬಾರ್ ಒತ್ತಡಕ್ಕೆ ಮಾತ್ರ.

"ಹದಿನೆಂಟು," ಎಂದ ಗಡಿಬಿಡಿ.

"ಭಾವ, ಎದ್ದು ಈಚೆ ಬನ್ನಿ. ಇದು ಊರಿನ ನೀರಿನ ಪೈಪಿನ ಸ್ಟ್ಯಾಂಡರ್ಡಿಂದು!"

"ತೂತು ಸರಿಯಾಗಿ ಕೂತಿದೆ, ಇನ್ನೇನು ಬೇಕು ನಿಂಗೆ? ಹುಡುಗರ ಮುಂದೆ ಮಾನ ಕಳೀಬೇಡ."

"ಪಂಪು ನಿಲ್ಸಿ!" ಎಂದು ಅವಳು ಗಡಿಬಿಡಿಯತ್ತ ತಿರುಗಿದಳು. ಅವನು ಫೋರ್‌ಮನ್ ಮುಖ ನೋಡಿದ. ಫೋರ್‌ಮನ್ ತಲೆಯಾಡಿಸಲಿಲ್ಲ. ಒತ್ತಡಮಾಪಕದ ಮುಳ್ಳು ಇಪ್ಪತ್ತು ದಾಟಿತು. ಫ್ಲೇಂಜಿನ ಸಂದಿಯಿಂದ ಕೂದಲೆಳೆಯಷ್ಟು ತೆಳುವಾದ ನೀರು ಚಿಮ್ಮಿ ಎದುರು ಗೋಡೆಯ ಸುಣ್ಣ ಕಿತ್ತಿತು, ಭಾವನ ಕಿವಿಗೆ ಒಂದು ಗೇಣು ದೂರದಲ್ಲಿ.

ಅವಳು ಇನ್ನು ಯಾರನ್ನೂ ಕೇಳಲಿಲ್ಲ. ಪಂಪಿನ ಗುಂಡಿ ಗುದ್ದಿ ನಿಲ್ಲಿಸಿದಳು, ಎರಡೂ ಕೈಯಿಂದ ಡ್ರೈನ್ ವಾಲ್ವ್ ತಿರುಗಿಸಲು ನೋಡಿದಳು. ಅದು ಅಲುಗಲಿಲ್ಲ. ಆಗ ಗಡಿಬಿಡಿ ತನ್ನ ಜೀವಮಾನದಲ್ಲೇ ಮೊದಲ ಸಲ ಓಡಿ ಬಂದು ಕೈ ಸೇರಿಸಿದ. ನೀರು ಭರ್ರೆಂದು ಮೋರಿಗೆ ನುಗ್ಗಿತು. ಮುಳ್ಳು ಸೊನ್ನೆಗೆ ಇಳಿಯಿತು. ಭಾವ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಟಾರ್ಚ್ ಇನ್ನೂ ಉರಿಯುತ್ತಿತ್ತು.

ಬಿಚ್ಚಿ ನೋಡಿದರೆ ಫ್ಲೇಂಜ್ ತಟ್ಟೆಯ ಹಾಗೆ ಬಾಗಿತ್ತು, ಸೋರದಂತೆ ನಡುವೆ ಇಟ್ಟಿದ್ದ ಗ್ಯಾಸ್ಕೆಟ್ ಒಂದು ಕಡೆ ಹೊರಗೆ ನೂಕಿಕೊಂಡಿತ್ತು.

ಮ್ಯಾನೇಜರ್ ಬಂದು, "ಯಾರ ಕೆಲಸ ಇದು?" ಎಂದು ಗದರಿದಾಗ ಅವಳು ಭಾವನತ್ತ ನೋಡಿದಳು. ನಿಜ ಹೇಳಿದರೆ ಮನೆ ಒಡೆಯುತ್ತದೆ, ಸುಳ್ಳು ಹೇಳಿದರೆ ತನ್ನ ಸಹಿಗೆ ಬೆಲೆಯಿಲ್ಲ.

"ನಂದು," ಎಂದರು ಭಾವ. "ಇವಳು ಬೇಡ ಅಂದ್ಲು. ನಾನೇ ಕೇಳ್ಲಿಲ್ಲ."

ನಾಲ್ಕು ದಿನ ಮನೆಯಲ್ಲಿ ಅವರು ಅವಳ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತವರು ತಲೆ ಎತ್ತುತ್ತಿರಲಿಲ್ಲ. ಓರಗಿತ್ತಿ ಒಳಗೆ ಕರೆದು, "ಸಿಟ್ಟಲ್ಲ ಕಣೇ, ನಾಚಿಕೆ," ಎಂದಳು. ಅವಳಿಗೆ ನಂಬಿಕೆ ಬರಲಿಲ್ಲ.

ಐದನೆಯ ದಿನ ಯಾರ್ಡಿನ ಹತ್ತಿರ ಹೋಗುತ್ತಿದ್ದಾಗ ಭಾವ ಕಂಡರು. ಕೆಂಪು ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು, ತುಕ್ಕು ಹಿಡಿದ ಫ್ಲೇಂಜುಗಳ ರಾಶಿಯ ನಡುವೆ ಬಗ್ಗಿ ನಿಂತಿದ್ದರು. ಆರೇಳಕ್ಕೆ ಆಗಲೇ ಬಳಸಬಾರದೆಂಬ ಅಡ್ಡಗೆರೆ ಬಿದ್ದಿತ್ತು. ಅವಳು ಸದ್ದಿಲ್ಲದೆ ದಾಟಿಹೋಗಲು ನೋಡಿದಳು.

"ಎಲ್ಲಿಗೆ ಹೊರಟೆ? ಬಾರಮ್ಮ ಇಲ್ಲಿ," ಎಂದರು ಅವರು, ತಿರುಗಿಯೂ ನೋಡದೆ. "ಇದರ ಮೇಲೆ ಏನೋ ಕೊರೆದಿದಾರೆ. ಯಾವ ಸ್ಟ್ಯಾಂಡರ್ಡಿಂದು ಓದು, ನಂಗೆ ಕನ್ನಡಕ ಇಲ್ದೆ ಕಾಣಲ್ಲ."

ಅವಳು ಮೊಣಕಾಲೂರಿ ಕೂತು, ತುಕ್ಕನ್ನು ಉಗುರಿನಿಂದ ಕೆರೆಯತೊಡಗಿದಳು.